ದಾರಿ ಹೇಳುವ ಯಂತ್ರದ ಪ್ರಾಮಾಣ್ಯ

ಮಾರ್ಗದರ್ಶಿಯನ್ನು ಹುಡುಕುವವನಿಗೆ ಮಾರ್ಗ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಮಾರ್ಗದರ್ಶಿಯ ಹಂಗು ಅವನಿಗೆ ಬೇಕಿರಲಿಲ್ಲ. ದಾರಿ ತಿಳಿಯದವನು ದಾರಿ ತಿಳಿದವನನ್ನು ಯಾವ ಗುರುತಿನಿಂದ ಪತ್ತೆ ಹಚ್ಚಬೇಕು ಎಂಬ ಈ ತೊಡಕು ಗುರುವನ್ನು ಅರಸಿ ಹೊರಟ ಶಿಷ್ಯನಿಗೆ ಎಷ್ಟು ನಿಜವೋ, ಪ್ರವಾಸಕ್ಕೆಂದು ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರವೊಂದನ್ನು ಕೊಳ್ಳಲು ಅಂಗಡಿಗೆ ಹೋದವನಿಗೂ ಅಷ್ಟೇ ನಿಜ. ಅವನ ಮುಂದೆ ಇಡಲಾಗುವ ಮಾಹಿತಿಯೆಲ್ಲ ಪರದೆಯ ಅಳತೆ, ಬ್ಯಾಟರಿಯ ಬಾಳಿಕೆ, ನೀರು ತಡೆಯುವ ಗುಣ, ಬೆಲೆ ಇವುಗಳನ್ನು ಕುರಿತದ್ದಾಗಿರುತ್ತದೆ. ಯಂತ್ರ ಹೇಳುವ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು, ಎಲ್ಲಿಯವರೆಗೆ ನಂಬಬೇಕು ಎಂಬುದು ಯಾವ ಡಬ್ಬಿಯ ಮೇಲೂ ಅಚ್ಚಾಗಿರುವುದಿಲ್ಲ. ಭಾರತೀಯ ದರ್ಶನಗಳು ಶತಮಾನಗಳ ಕಾಲ ತಲೆಕೆಡಿಸಿಕೊಂಡದ್ದು ಈ ಬಗೆಯ ಪ್ರಶ್ನೆಗೇ. ಯಥಾರ್ಥ ಜ್ಞಾನಕ್ಕೆ ಸಾಧನವಾದದ್ದನ್ನು ಅವು ಪ್ರಮಾಣ ಎಂದು ಕರೆದವು. ಹಾಗೆ ಹುಟ್ಟಿದ ಜ್ಞಾನದ ನಂಬಲರ್ಹತೆಯನ್ನು ಪ್ರಾಮಾಣ್ಯ ಎಂದವು. ಕಣ್ಣು ಕಿವಿಗಳಿಂದ ನೇರವಾಗಿ ತಿಳಿಯುವುದು ಪ್ರತ್ಯಕ್ಷ, ಕಂಡ ಗುರುತೊಂದರಿಂದ ಕಾಣದ ಇನ್ನೊಂದನ್ನು ತಿಳಿಯುವುದು ಅನುಮಾನ, ನಂಬಿಕಸ್ಥನ ಮಾತಿನಿಂದ ತಿಳಿಯುವುದು ಶಬ್ದ. ಜಿಪಿಎಸ್ ಯಂತ್ರವನ್ನು ಈ ಮೂರರಲ್ಲಿ ಯಾವುದರ ಕೆಳಗೆ ಸೇರಿಸಬೇಕು ಎಂಬುದು ಪಂಡಿತರ ಕುತೂಹಲದ ವಿಷಯವಾಗಿ ಕಂಡರೂ, ಯಂತ್ರದ ಆಯ್ಕೆಯನ್ನೂ ಬಳಕೆಯನ್ನೂ ಬಹುಮಟ್ಟಿಗೆ ತೀರ್ಮಾನಿಸುವುದು ಅದಕ್ಕೆ ಕೊಡುವ ಉತ್ತರವೇ.

ಉತ್ತರ ಸುಲಭವಾಗಿ ಸಿಗದಿರುವುದಕ್ಕೆ ಕಾರಣ, ಈ ಯಂತ್ರ ಒಂದೇ ಪರದೆಯ ಮೇಲೆ ಎರಡು ಬೇರೆ ಜಾತಿಯ ಮಾತುಗಳನ್ನು ಆಡುತ್ತದೆ. ಪ್ರವಾಸಿ ಈಗ ಎಲ್ಲಿದ್ದಾನೆ ಎಂಬುದು ಒಂದು. ಇಲ್ಲಿಂದ ಎತ್ತ ಹೋಗಬೇಕು ಎಂಬುದು ಇನ್ನೊಂದು. ಮೊದಲನೆಯದು ಆಕಾಶದಿಂದ ಬಂದ ಸಂಕೇತಗಳ ಲೆಕ್ಕಾಚಾರದಿಂದ ಹುಟ್ಟುತ್ತದೆ, ಎರಡನೆಯದು ಯಂತ್ರದೊಳಗೆ ಯಾರೋ ಮೊದಲೇ ತುಂಬಿಟ್ಟ ನಕ್ಷೆಯಿಂದ. ಒಂದು ಸರಿಯಿದ್ದು ಇನ್ನೊಂದು ತಪ್ಪಾಗಿರುವುದು ಸಾಧ್ಯ, ಮತ್ತು ಅಪಾಯಗಳು ಹೆಚ್ಚಾಗಿ ಸಂಭವಿಸುವುದು ಅಂಥ ಸಂದರ್ಭದಲ್ಲಿಯೇ.

ಮೊದಲ ಮಾತಿನ ಹುಟ್ಟು ಹೀಗಿದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ದಿನಕ್ಕೆರಡು ಸುತ್ತು ಹಾಕುವ ಉಪಗ್ರಹಗಳು ತಾವೆಲ್ಲಿದ್ದೇವೆ, ಈಗ ಸಮಯವೆಷ್ಟು ಎಂಬುದನ್ನು ಬಿಡುವಿಲ್ಲದೆ ಸಾರುತ್ತಿರುತ್ತವೆ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಆ ಉಪಗ್ರಹ ಎಷ್ಟು ದೂರದಲ್ಲಿದೆಯೆಂದು ತಿಳಿಯುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು ಅಜ್ಞಾತಗಳ ಜೊತೆಗೆ ಕೈಯಲ್ಲಿರುವ ಯಂತ್ರದ ಅಗ್ಗದ ಗಡಿಯಾರದ ತಪ್ಪೂ ನಾಲ್ಕನೆಯ ಅಜ್ಞಾತವಾಗಿ ಸೇರುವುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕಾಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಸಮಯ ತಪ್ಪಿದರೂ ದೂರದ ಲೆಕ್ಕದಲ್ಲಿ 300 ಮೀಟರ್ ತಪ್ಪುತ್ತದೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಅಂಥ 38 ಭಾಗಗಳಷ್ಟು ಮುಂದೆ ಓಡುತ್ತದೆಯಾದ್ದರಿಂದ ಅದನ್ನು ಮೊದಲೇ ಸರಿದೂಗಿಸದಿದ್ದರೆ ಇಡೀ ವ್ಯವಸ್ಥೆ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪು ಹೇಳುತ್ತಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಉಪಗ್ರಹ ಯಾರನ್ನೂ ನೋಡುತ್ತಿಲ್ಲ. ಮೇಲಿನಿಂದ ಯಾರೋ ತನ್ನನ್ನು ಕಾಣುತ್ತಿದ್ದಾರೆಂಬ ಭಾವ ದೇವರಿಂದ ಉಪಗ್ರಹಕ್ಕೆ ವರ್ಗವಾದಂತೆ ತೋರುವಷ್ಟು ಈ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ; ನಿಜಕ್ಕೂ ಉಪಗ್ರಹಗಳಿಗೆ ಪ್ರವಾಸಿಯ ಅಸ್ತಿತ್ವವೇ ತಿಳಿಯದು, ಕೈಯಲ್ಲಿರುವ ಯಂತ್ರ ಕೇಳಿಸಿಕೊಳ್ಳುತ್ತದೆಯೇ ಹೊರತು ಮರುಮಾತಾಡುವುದಿಲ್ಲ.

ಹೀಗಾಗಿ ಯಂತ್ರದ ಮೊದಲ ಮಾತು ಪ್ರತ್ಯಕ್ಷವೂ ಅಲ್ಲ, ಯಾರ ಹೇಳಿಕೆಯೂ ಅಲ್ಲ. ಅದು ಶುದ್ಧ ಅನುಮಾನ. ಅನುಮಾನಕ್ಕೆ ಆಧಾರ ವ್ಯಾಪ್ತಿ, ಅಂದರೆ ಇದಿದ್ದಲ್ಲೆಲ್ಲ ಅದು ಇದ್ದೇ ಇರುತ್ತದೆ ಎಂಬ ತಪ್ಪದ ಸಂಬಂಧ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದು ವ್ಯಾಪ್ತಿ; ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನುವುದು ವ್ಯಾಪ್ತಿಯಲ್ಲ, ಏಕೆಂದರೆ ಹೊಗೆ ಬರಲು ಸೌದೆ ಹಸಿಯಾಗಿರಬೇಕೆಂಬ ಇನ್ನೊಂದು ಷರತ್ತು ಅಲ್ಲಿ ಅಡಗಿದೆ. ಹೀಗೆ ಅಡಗಿರುವ ಷರತ್ತನ್ನು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಉಪಾಧಿ ಎಂದು ಕರೆದು, ಉಪಾಧಿಯನ್ನು ಗಮನಿಸದಿದ್ದರೆ ಅನುಮಾನ ಕೆಡುತ್ತದೆ ಎಂದು ತೋರಿಸಿದರು. ಜಿಪಿಎಸ್ಸಿನ ಅನುಮಾನದಲ್ಲಿ ಅಡಗಿರುವ ಮುಖ್ಯ ಉಪಾಧಿ, ಸಂಕೇತ ನೇರ ಗೆರೆಯಲ್ಲಿ ಬಂದಿರಬೇಕು ಎಂಬುದು. ಬಯಲಿನಲ್ಲಿ ಈ ಷರತ್ತು ತಾನಾಗಿಯೇ ಈಡೇರುವುದರಿಂದ ಸಾಧಾರಣ ಯಂತ್ರವೂ 5 ಮೀಟರಿನ ಆಸುಪಾಸಿನಲ್ಲಿ ಜಾಗ ಹೇಳುತ್ತದೆ. ಪಶ್ಚಿಮ ಘಟ್ಟದ ಕಣಿವೆಯಲ್ಲಿ ಹಾಗಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೇಲೆ ಶೇಷಪರ್ವತವನ್ನು ದಾಟಿ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೋಗುವ ದಾರಿಯ ಆರಂಭದಲ್ಲಿ ದಟ್ಟ ಕಾಡಿನ ಕೆಳಗೆ ನಡೆಯಬೇಕು. ಒದ್ದೆಯೆಲೆಗಳು ಸಂಕೇತವನ್ನು ಕುಂದಿಸುತ್ತವೆ, ಗುಡ್ಡದ ಮೈ ಅರ್ಧ ಆಕಾಶವನ್ನು ಮರೆಮಾಡುತ್ತದೆ, ಬಂಡೆಗೆ ಬಡಿದು ತಿರುಗಿ ಬಂದ ಸಂಕೇತ ಹೆಚ್ಚು ದೂರ ಕ್ರಮಿಸಿರುವುದರಿಂದ ಉಪಗ್ರಹವೇ ದೂರವಿದ್ದಂತೆ ಲೆಕ್ಕ ಬರುತ್ತದೆ. ಆಗ ಒಂದೇ ಕಡೆ ಕುಳಿತು ದಣಿವಾರಿಸಿಕೊಳ್ಳುತ್ತಿರುವ ಚಾರಣಿಗನ ಚುಕ್ಕೆ ಪರದೆಯ ಮೇಲೆ ಹಳ್ಳದ ಆಚೆ ದಡಕ್ಕೆ ಹಾರಿ, ಮತ್ತೆ ಈಚೆ ಬಂದು, ಕುಳಿತವನನ್ನು ನೂರು ಹೆಜ್ಜೆ ನಡೆಸಿದಂತೆ ದಾಖಲಿಸುತ್ತದೆ. ಎರಡು ಬೇರೆ ಆವರ್ತನಗಳ ಸಂಕೇತವನ್ನು ಒಟ್ಟಿಗೆ ಗ್ರಹಿಸುವ ಯಂತ್ರಗಳು, ಅಂದರೆ ಹಳೆಯ ಎಲ್1 ಜೊತೆಗೆ ಎಲ್5 ಎಂಬ ಹೊಸ ಪಟ್ಟಿಯನ್ನೂ ಬಳಸುವಂಥವು, ಪ್ರತಿಫಲಿಸಿ ಬಂದದ್ದನ್ನು ನೇರ ಬಂದದ್ದರಿಂದ ಹೆಚ್ಚು ಚೆನ್ನಾಗಿ ಬೇರ್ಪಡಿಸಬಲ್ಲವು. ಘಟ್ಟದಲ್ಲಿ ನಡೆಯುವವನು ಯಂತ್ರಕ್ಕೆ ಹೆಚ್ಚು ಹಣ ಕೊಡುವುದಾದರೆ ಬಣ್ಣದ ಪರದೆಗಿಂತ ಮೊದಲು ಇದಕ್ಕೆ ಕೊಡಬೇಕು. ತರ್ಕದ ಭಾಷೆಯಲ್ಲಿ ಹೇಳುವುದಾದರೆ ಅವನು ಕೊಳ್ಳುತ್ತಿರುವುದು ಉಪಾಧಿಯನ್ನು ಪತ್ತೆ ಹಚ್ಚುವ ಶಕ್ತಿಯನ್ನು. ಬೆಂಗಳೂರಿನ ಇಸ್ರೊ ರೂಪಿಸಿ, ನಗರದ ಹೊರಗಿನ ಬ್ಯಾಲಾಳು ಕೇಂದ್ರದಿಂದ ನೋಡಿಕೊಳ್ಳುವ ನಾವಿಕ್ ಎಂಬ ಇಂಥದೇ ಭಾರತೀಯ ಉಪಗ್ರಹ ವ್ಯವಸ್ಥೆ ಆರಂಭದಿಂದಲೂ ಎಲ್5 ಪಟ್ಟಿಯಲ್ಲಿ ಸಾರುತ್ತಿದ್ದು, 2023ರ ಮೇ ತಿಂಗಳಲ್ಲಿ ಹಾರಿಸಿದ ಎನ್‌ವಿಎಸ್‌-01 ಉಪಗ್ರಹದಿಂದ ಎಲ್1 ಪಟ್ಟಿಗೂ ಬಂದಿದೆ.

ಎರಡನೆಯ ಮಾತು, ಎತ್ತ ಹೋಗಬೇಕೆಂಬುದು, ಶಬ್ದಪ್ರಮಾಣದ ಕ್ಷೇತ್ರಕ್ಕೆ ಸೇರಿದ್ದು. ನ್ಯಾಯದರ್ಶನದ ಪ್ರಕಾರ ಶಬ್ದವೆಂದರೆ ಆಪ್ತನ ಉಪದೇಶ. ಆಪ್ತ ಯಾರು ಎಂಬುದನ್ನು ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟಪಡಿಸುತ್ತಾನೆ: ವಿಷಯವನ್ನು ತಾನೇ ಸಾಕ್ಷಾತ್ತಾಗಿ ಕಂಡಿರಬೇಕು, ಕಂಡದ್ದನ್ನು ಕಂಡಂತೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ಪ್ರೇರಿತನಾಗಿ ಮಾತಾಡುತ್ತಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸಿರುವುದು, ಆ ಕಾಲದ ಸಾಮಾಜಿಕ ಭೇದಗಳನ್ನು ನೆನೆದರೆ, ತರ್ಕ ತೋರಿದ ಅಪರೂಪದ ಧೈರ್ಯವೆಂದೇ ಹೇಳಬೇಕು. ದಾರಿ ಕೇಳುವಾಗ ಹೇಳುವವನ ಕುಲ ಕೇಳುವುದರಿಂದ ಪ್ರಯೋಜನವಿಲ್ಲವೆಂಬ ಪ್ರವಾಸಿಗಳ ಅನುಭವಕ್ಕೂ ಅದು ಒಪ್ಪುತ್ತದೆ. ಯಂತ್ರಕ್ಕೆ ಈ ಲಕ್ಷಣವನ್ನು ಹಚ್ಚಿ ನೋಡಿದರೆ ಎರಡು ಷರತ್ತೂ ಬೀಳುತ್ತವೆ. ಅದು ಯಾವ ದಾರಿಯನ್ನೂ ಕಂಡಿಲ್ಲ, ಯಾರಿಗೂ ಏನನ್ನೂ ತಿಳಿಸಬೇಕೆಂಬ ಇಚ್ಛೆ ಅದಕ್ಕಿಲ್ಲ. ಹಾಗಿದ್ದರೂ ಅದರ ಮಾತು ಶಬ್ದವೇ ಆಗಿರುವುದು ಅದರ ಹಿಂದೆ ನಿಜವಾದ ಆಪ್ತರು ಇರುವುದರಿಂದ: ನೆಲವನ್ನು ಅಳೆದ ಸರ್ವೇಯರುಗಳು, ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿ ಗೆರೆ ಎಳೆದವರು, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಸಾರ್ವಜನಿಕ ನಕ್ಷೆಗೆ ತಾವು ನಡೆದ ಕಾಲುದಾರಿಯನ್ನು ಬಿಡುವಿನ ವೇಳೆಯಲ್ಲಿ ಸೇರಿಸಿದ ಸಾವಿರಾರು ಅನಾಮಿಕರು. ಅವರಲ್ಲಿ ಯಾರು ಆ ದಾರಿಯಲ್ಲಿ ನಡೆದಿದ್ದರು, ಯಾರು ಚಿತ್ರದಲ್ಲಿ ಕಂಡ ನೀರಿನ ಕಾಲುವೆಯನ್ನು ದಾರಿಯೆಂದು ಭಾವಿಸಿ ಗೆರೆ ಎಳೆದರು ಎಂಬ ಭೇದ ಯಂತ್ರದ ದನಿಯಲ್ಲಿ ಅಳಿಸಿಹೋಗಿರುತ್ತದೆ. ಎಲ್ಲವನ್ನೂ ಅದು ಒಂದೇ ನಿಶ್ಚಯದಿಂದ ಹೇಳುತ್ತದೆ.

ಇಲ್ಲಿ ವೇದವಾಕ್ಯಗಳ ಅರ್ಥವನ್ನು ವಿಚಾರಿಸಿದ ಮೀಮಾಂಸಕರ ಒಂದು ಸಿದ್ಧಾಂತ ಅನಿರೀಕ್ಷಿತವಾಗಿ ಬೆಳಕು ಚೆಲ್ಲುತ್ತದೆ. ಮಾತು ಸುಳ್ಳಾಗುವುದು ಆಡಿದವನ ದೋಷದಿಂದ. ಆಡಿದವನೇ ಇಲ್ಲದ ಮಾತಿದ್ದರೆ ಅದಕ್ಕೆ ದೋಷ ಅಂಟಲು ಜಾಗವಿಲ್ಲ. ವೇದಕ್ಕೆ ಕರ್ತೃವಿಲ್ಲವಾದ್ದರಿಂದ, ಅಂದರೆ ಅದು ಅಪೌರುಷೇಯವಾದ್ದರಿಂದ, ಅದು ಪ್ರಮಾಣ. ಈ ವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಇಂದಿನ ಪ್ರವಾಸಿ ಜಿಪಿಎಸ್ಸನ್ನು ನಂಬುವ ಬಗೆಯನ್ನು ಬಗೆದು ನೋಡಿದರೆ ಅಲ್ಲಿ ಕಾಣುವುದು ಇದೇ ವಾದ. ಹೋಟೆಲಿನ ಮಾಲೀಕ ತನ್ನ ನೆಂಟನ ಅಂಗಡಿಯ ಮುಂದಿನಿಂದ ಹಾಯುವ ದಾರಿ ಹೇಳಬಹುದು, ಆಟೋ ಚಾಲಕ ಸುತ್ತು ಬಳಸಬಹುದು, ಬಸ್ ನಿಲ್ದಾಣದಲ್ಲಿ ನಿಂತವನು ಗೊತ್ತಿಲ್ಲವೆನ್ನಲು ನಾಚಿ ಬಾಯಿಗೆ ಬಂದದ್ದು ಹೇಳಬಹುದು. ಯಂತ್ರಕ್ಕೆ ನೆಂಟರಿಲ್ಲ, ಆಸೆಯಿಲ್ಲ, ನಾಚಿಕೆಯಿಲ್ಲ, ಆದ್ದರಿಂದ ಅದು ಹೇಳುವುದು ನಿಜ. ಮೀಮಾಂಸಕರು ವೇದಕ್ಕೆ ಕೊಟ್ಟ ಸ್ಥಾನವನ್ನು ಅವನು ಅರಿಯದೆಯೇ ಯಂತ್ರಕ್ಕೆ ಕೊಟ್ಟಿರುತ್ತಾನೆ. ವಾದದ ಅಚ್ಚು ಗಟ್ಟಿಯಾಗಿದ್ದರೂ ಇಲ್ಲಿ ಅದು ನಿಲ್ಲದಿರಲು ಕಾರಣ, ನಕ್ಷೆ ಅಡಿಯಿಂದ ಮುಡಿಯವರೆಗೆ ಪೌರುಷೇಯ. ಕರ್ತೃಗಳು ತೀರ ಹೆಚ್ಚಾಗಿ, ತೀರ ದೂರವಾಗಿ, ಹೆಸರಿಲ್ಲದವರಾಗಿ ಹೋದದ್ದನ್ನು ಕರ್ತೃವೇ ಇಲ್ಲದ್ದೆಂದು ಭಾವಿಸುವುದು ಈ ಯಂತ್ರದ ವಿಷಯದಲ್ಲಿ ಆಗುವ ಮೂಲಭೂತ ತಪ್ಪು.

ಪುರುಷನ ಮಾತಿಗೆ ಅಂಟುವ ದೋಷಗಳನ್ನು ಶಾಸ್ತ್ರಗ್ರಂಥಗಳು ನಾಲ್ಕೆಂದು ಎಣಿಸುತ್ತವೆ: ತಪ್ಪು ತಿಳಿವಳಿಕೆಯಾದ ಭ್ರಮ, ಅಜಾಗರೂಕತೆಯಾದ ಪ್ರಮಾದ, ಮೋಸಗೊಳಿಸುವ ಇಚ್ಛೆಯಾದ ವಿಪ್ರಲಿಪ್ಸಾ, ಇಂದ್ರಿಯದ ಅಥವಾ ಸಾಧನದ ಅಸಾಮರ್ಥ್ಯವಾದ ಕರಣಾಪಾಟವ. ಬಂಡೆಗೆ ಬಡಿದ ಸಂಕೇತ ಕರಣಾಪಾಟವಕ್ಕೆ ಉದಾಹರಣೆ, ಅದನ್ನು ಈಗಾಗಲೇ ನೋಡಿದ್ದಾಯಿತು. ಪ್ರಮಾದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಅಮೆರಿಕದ ಡೆತ್ ವ್ಯಾಲಿ ಮರುಭೂಮಿಯಲ್ಲಿ ಗಣಿಗಾರಿಕೆಯ ಕಾಲದಲ್ಲಿದ್ದು ಎಂದೋ ಪಾಳುಬಿದ್ದ ರಸ್ತೆಗಳು ನಕ್ಷೆಯ ಕಡತಗಳಲ್ಲಿ ಹಾಗೆಯೇ ಉಳಿದಿದ್ದರಿಂದ, ಯಂತ್ರ ತೋರಿದ ಹಾದಿಯಲ್ಲಿ ಕಾರು ನುಗ್ಗಿಸಿ ಬಿಸಿಲಿನಲ್ಲಿ ಸಿಕ್ಕಿಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ. ಅಲ್ಲಿನ ಉದ್ಯಾನದ ರಕ್ಷಕರು ಜಿಪಿಎಸ್ ಸಾವು ಎಂಬ ಅರ್ಥದ ಮಾತನ್ನೇ ಬಳಕೆಗೆ ತಂದರು. ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದ ಪೊಲೀಸರು 2012ರ ಡಿಸೆಂಬರಿನಲ್ಲಿ ಪ್ರಸಿದ್ಧ ಫೋನ್ ಕಂಪನಿಯೊಂದರ ನಕ್ಷೆಯನ್ನು ನಂಬಬೇಡಿರೆಂದು ಎಚ್ಚರಿಕೆ ಹೊರಡಿಸಬೇಕಾಯಿತು, ಏಕೆಂದರೆ ಅದು ಮಿಲ್ಡುರಾ ಪಟ್ಟಣವನ್ನು ಅದರ ನಿಜವಾದ ಜಾಗದಿಂದ ಸುಮಾರು 70 ಕಿಲೋಮೀಟರ್ ದೂರ, ನೀರಿಲ್ಲದ ರಾಷ್ಟ್ರೀಯ ಉದ್ಯಾನವೊಂದರ ನಡುವೆ ತೋರಿಸುತ್ತಿತ್ತು. ಎರಡೂ ಕಡೆ ಉಪಗ್ರಹದ ಲೆಕ್ಕ ಸರಿಯಿತ್ತು. ಮರುಭೂಮಿಯಲ್ಲಿ ನಿಂತವನಿಗೆ ಅವನು ನಿಂತ ಜಾಗವನ್ನು ಯಂತ್ರ ಕರಾರುವಾಕ್ಕಾಗಿಯೇ ಹೇಳಿತ್ತು. ಅನುಮಾನ ಗಳಿಸಿಕೊಟ್ಟ ನಂಬಿಕೆಯನ್ನು ಶಬ್ದ ಖರ್ಚು ಮಾಡಿತು.

ಭ್ರಮ ಇನ್ನೂ ಸೂಕ್ಷ್ಮ. ಅಕ್ಷಾಂಶ ರೇಖಾಂಶಗಳ ಅಂಕಿ ತನ್ನಷ್ಟಕ್ಕೆ ಪೂರ್ಣವೆಂದು ಎಲ್ಲರೂ ತಿಳಿಯುತ್ತಾರಾದರೂ ಭೂಮಿಯ ಆಕಾರವನ್ನು ಯಾವ ಮಾದರಿಯಾಗಿ ಕಲ್ಪಿಸಿ ಅಳೆಯಲಾಗಿದೆ ಎಂಬುದನ್ನು ಹೇಳದೆ ಆ ಅಂಕಿಗೆ ಅರ್ಥವಿಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ನಕ್ಷೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಜಾರ್ಜ್ ಎವರೆಸ್ಟ್ ರೂಪಿಸಿದ ಮಾದರಿಯನ್ನು ಅನುಸರಿಸಿದರೆ, ಜಿಪಿಎಸ್ ಡಬ್ಲ್ಯೂಜಿಎಸ್‌-84 ಎಂಬ ಮಾದರಿಯನ್ನು ಅನುಸರಿಸುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ಬಳಿಕ ಸಾರ್ವಜನಿಕರಿಗಾಗಿ ಬಂದ ನಕ್ಷೆಗಳೂ ಇದಕ್ಕೇ ಹೊಂದಿಕೊಂಡಿವೆ. ಹಳೆಯ ಹಾಳೆಯಿಂದ ತೆಗೆದ ಅಂಕಿಯನ್ನು ಹೊಂದಾಣಿಕೆ ಬದಲಿಸದೆ ಯಂತ್ರಕ್ಕೆ ತುಂಬಿದರೆ ದೇವಸ್ಥಾನ ಕೆರೆಯೊಳಗೆ ಹೋಗಿ ನಿಲ್ಲುತ್ತದೆ. ಎರಡು ಅಂಕಿಗಳೂ ತಮ್ಮ ತಮ್ಮ ಮಾದರಿಯೊಳಗೆ ನಿಜ. ಪ್ರತಿಯೊಂದು ಹೇಳಿಕೆಯೂ ಒಂದು ನಿಲುವಿನಿಂದ, ಜೈನ ಪರಿಭಾಷೆಯಲ್ಲಿ ಒಂದು ನಯದಿಂದ, ಸತ್ಯವೆಂದೂ ನಿಲುವನ್ನು ಮರೆತು ಅದನ್ನೇ ಪೂರ್ಣಸತ್ಯವೆಂದರೆ ಅದು ದುರ್ನಯವಾಗುವುದೆಂದೂ ಜೈನ ತಾರ್ಕಿಕರು ಹೇಳಿದ್ದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಸಿಗುವುದು ಕಷ್ಟ.

ವಿಪ್ರಲಿಪ್ಸಾ, ಅಂದರೆ ಬೇಕೆಂದೇ ತಪ್ಪು ಹೇಳುವುದು, ಯಂತ್ರದಲ್ಲಿ ಸಾಧ್ಯವೇ ಇಲ್ಲವೆಂದು ಭಾವಿಸುವವರು ಜಿಪಿಎಸ್ಸಿನ ಇತಿಹಾಸವನ್ನು ನೋಡಬೇಕು. ಅಮೆರಿಕದ ರಕ್ಷಣಾ ಇಲಾಖೆ ಸೇನೆಗಾಗಿ ಕಟ್ಟಿದ ಈ ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಹಾರಿತು. ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಮುಂದೆ ಬೇಕೆಂದೇ ದೋಷ ಬೆರೆಸಲಾಗುತ್ತಿತ್ತು. ಸೈನಿಕನಿಗೆ ನಿಖರವಾದ ಜಾಗವೂ ಸಾಮಾನ್ಯನಿಗೆ ನೂರು ಮೀಟರಿನಷ್ಟು ಆಚೀಚೆಯ ಜಾಗವೂ ದೊರೆಯುವಂತೆ ಮಾಡಿದ ಈ ಏರ್ಪಾಟನ್ನು 2000ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ನರ ಆದೇಶದಂತೆ ನಿಲ್ಲಿಸಲಾಯಿತು, ಮತ್ತು ಅದೇ ರಾತ್ರಿಯಿಂದ ಜಗತ್ತಿನ ಎಲ್ಲ ಯಂತ್ರಗಳೂ, ಒಂದು ಸ್ಕ್ರೂ ಬದಲಾಗದೆಯೇ, ಹೆಚ್ಚು ನಿಜ ಹೇಳತೊಡಗಿದವು. ಚೀನಾದಲ್ಲಿ ಇಂದಿಗೂ ಅಧಿಕೃತ ನಕ್ಷೆಗಳು ಕಾನೂನಿನ ಪ್ರಕಾರ ಅಕ್ಷಾಂಶ ರೇಖಾಂಶಗಳನ್ನು ನೂರಾರು ಮೀಟರುಗಳಷ್ಟು ವಕ್ರವಾಗಿ ಸರಿಸುವ ಪದ್ಧತಿಯನ್ನು ಬಳಸುತ್ತವೆ. ಕೈಲಾಸ ಯಾತ್ರೆಗೆ ಟಿಬೆಟ್ಟಿನ ನೆಲಕ್ಕೆ ಹೋಗುವ ಭಾರತೀಯ ಯಾತ್ರಿಕ ಅಲ್ಲಿನ ನಕ್ಷೆಯನ್ನು ತನ್ನ ಯಂತ್ರದ ಜೊತೆ ಬಳಸಿದರೆ ಯಂತ್ರದ್ದೂ ಅಲ್ಲದ, ಉಪಗ್ರಹದ್ದೂ ಅಲ್ಲದ, ಒಂದು ಪ್ರಭುತ್ವದ್ದಾದ ಸುಳ್ಳಿಗೆ ಒಳಗಾಗುತ್ತಾನೆ. ಯಂತ್ರಕ್ಕೆ ಇಚ್ಛೆಯಿಲ್ಲವೆಂಬುದು ನಿಜವಾದರೂ ಅದು ಇಚ್ಛೆಯುಳ್ಳವರ ಕೈಯಿಂದಲೇ ಬಂದಿರುತ್ತದೆ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಭಾರತದ ನಾವಿಕ್ ಇವುಗಳಲ್ಲಿ ಸಾಧ್ಯವಾದಷ್ಟನ್ನು ಕೇಳಿಸಿಕೊಳ್ಳುವ ಯಂತ್ರ ಮೇಲೆಂದು ಹೇಳುವುದಕ್ಕೆ ಉಪಗ್ರಹಗಳ ಸಂಖ್ಯೆ ಒಂದೇ ಕಾರಣವಲ್ಲ; ಬೇರೆ ಬೇರೆ ಹಿತಾಸಕ್ತಿಗಳ ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಹೆಚ್ಚು ಎಂಬುದು ನ್ಯಾಯಾಲಯದಲ್ಲಿಯೂ ತರ್ಕದಲ್ಲಿಯೂ ನಡೆಯುವ ಮಾತು.

ದೋಷಗಳು ಇಷ್ಟಿದ್ದ ಮೇಲೆ ನಂಬಿಕೆ ಎಲ್ಲಿಂದ ಆರಂಭವಾಗಬೇಕು? ಇಲ್ಲಿ ದರ್ಶನಗಳು ಎರಡು ಬಣವಾಗುತ್ತವೆ. ಜ್ಞಾನ ಹುಟ್ಟುತ್ತಲೇ ನಂಬಲರ್ಹವಾಗಿರುತ್ತದೆ, ಅದನ್ನು ಬಾಧಿಸುವ ಇನ್ನೊಂದು ಜ್ಞಾನವೋ ಕಾರಣದಲ್ಲಿ ದೋಷವೋ ಕಂಡಾಗ ಮಾತ್ರ ಬಿಡಬೇಕು ಎನ್ನುವುದು ಸ್ವತಃಪ್ರಾಮಾಣ್ಯವಾದ, ಇದು ಮೀಮಾಂಸಕರದ್ದು. ಪ್ರಾಮಾಣ್ಯ ಹೊರಗಿನಿಂದ ತಿಳಿಯಬೇಕು, ಜ್ಞಾನವನ್ನು ಅನುಸರಿಸಿ ನಡೆದಾಗ ಕೆಲಸ ಕೈಗೂಡಿತೇ ಎಂಬುದೇ ಅದರ ಒರೆಗಲ್ಲು ಎನ್ನುವುದು ನೈಯಾಯಿಕರ ಪರತಃಪ್ರಾಮಾಣ್ಯವಾದ. ಯಂತ್ರದ ವಿಷಯದಲ್ಲಿ ನ್ಯಾಯದ ಪಕ್ಷವೇ ಸಹಜವಾಗಿ ಕಂಡರೂ ಅದರಲ್ಲೊಂದು ತೊಂದರೆಯಿದೆ: ದಾರಿ ಸರಿಯಿತ್ತೆಂದು ಗೊತ್ತಾಗುವುದು ಊರು ಮುಟ್ಟಿದ ಮೇಲೆ, ನಿರ್ಧಾರ ಬೇಕಾಗಿರುವುದು ಕವಲಿನಲ್ಲಿ. ನೈಯಾಯಿಕರು ಇದಕ್ಕೆ ಕೊಡುವ ಪರಿಹಾರ, ಹಿಂದೆ ಪರೀಕ್ಷೆಗೆ ಒಳಪಟ್ಟು ನಿಂತ ಜ್ಞಾನದ ಜಾತಿಗೇ ಇದೂ ಸೇರಿದ್ದೆಂಬ ಅರಿವು. ಯಂತ್ರವನ್ನು ಪ್ರವಾಸದ ದಿನ ಡಬ್ಬಿಯಿಂದ ತೆಗೆಯಬಾರದೆಂಬ ಚಾರಣಿಗರ ಕಟ್ಟುಪಾಡಿಗೆ ತಾತ್ವಿಕ ಆಧಾರ ಇದು. ತನಗೆ ಗೊತ್ತಿರುವ ಬೀದಿ, ಗೊತ್ತಿರುವ ಗುಡ್ಡದಲ್ಲಿ ಅದು ಏನು ಹೇಳುತ್ತದೆಂದು ನೋಡಿದವನಿಗೆ ಮಾತ್ರ ಗೊತ್ತಿಲ್ಲದ ಕಡೆ ಅದು ಹೇಳಿದ್ದಕ್ಕೆ ಎಷ್ಟು ಬೆಲೆ ಕಟ್ಟಬೇಕೆಂದು ತಿಳಿಯುತ್ತದೆ.

ಆದರೆ ಪರೀಕ್ಷೆಗೆ ಇನ್ನೊಂದು ಪರೀಕ್ಷೆ, ಅದಕ್ಕೆ ಮತ್ತೊಂದು ಎಂದು ಹೋದರೆ ಕೊನೆಯಿಲ್ಲದ ಅನವಸ್ಥೆ ಬರುತ್ತದೆ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ, ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಮತ್ತು ಅವರನ್ನು ವಿಸ್ತರಿಸಿದ ಜಯತೀರ್ಥರು ಈ ತೊಡಕನ್ನು ಬಿಡಿಸಿದ ರೀತಿ ಗಮನಾರ್ಹ. ಅವರ ದೃಷ್ಟಿಯಲ್ಲಿ ಮುಖ್ಯ ಪ್ರಮಾಣವೆಂದರೆ ಯಥಾರ್ಥ ಜ್ಞಾನವೇ. ಪ್ರತ್ಯಕ್ಷ, ಅನುಮಾನ ಮತ್ತು ಆಗಮ ಅಂದರೆ ಶಬ್ದ, ಇವು ಆ ಜ್ಞಾನವನ್ನು ತಂದುಕೊಡುವ ಅನುಪ್ರಮಾಣಗಳು, ಅಂದರೆ ಎರಡನೆಯ ಸ್ಥಾನದವು. ಜ್ಞಾನದ ಪ್ರಾಮಾಣ್ಯವನ್ನು ಕೊನೆಯದಾಗಿ ಗ್ರಹಿಸುವುದು ಸಾಕ್ಷಿ, ಎಂದರೆ ಅರಿಯುವವನ ಆತ್ಮಸ್ವರೂಪವೇ ಆದ ಒಳಗಿನ ಗ್ರಹಣಶಕ್ತಿ. ಸಂಶಯ ಬಂದಾಗ ಪರೀಕ್ಷೆ ಅದಕ್ಕೆ ನೆರವಾಗುತ್ತದೆ, ಸಂಶಯ ನಿಂತಲ್ಲಿ ಪರೀಕ್ಷೆಯೂ ನಿಲ್ಲುತ್ತದೆ. ಯಂತ್ರವೆಷ್ಟೇ ನಿಖರವಾದರೂ ಈ ಲೆಕ್ಕದಲ್ಲಿ ಅದು ಅನುಪ್ರಮಾಣಕ್ಕೂ ಸಹಾಯಕವಾದ ಒಂದು ಉಪಕರಣ. ತೀರ್ಪು ಕೊಡುವ ಸ್ಥಾನ ಅದರದ್ದಲ್ಲ. ಪರದೆಯ ಮೂಲೆಯಲ್ಲಿ ಅದು ತೋರಿಸುವ 3 ಮೀಟರ್ ಅಥವಾ 12 ಮೀಟರ್ ಎಂಬ ಅಂಕಿ ತನ್ನ ತಪ್ಪಿನ ಬಗ್ಗೆ ಅದರದೇ ಅಂದಾಜು. ನಿಜವಾದ ಜಾಗ ಆ ವೃತ್ತದ ಹೊರಗೂ ಇರುವ ಸಂಭವ ಯಾವಾಗಲೂ ಇದ್ದೇ ಇದೆ. ಹಾಗಿದ್ದರೂ ಸಂಶಯವನ್ನು ಬಚ್ಚಿಡುವ ಯಂತ್ರಕ್ಕಿಂತ ಸಂಶಯವನ್ನು ಕಾಣಿಸುವ ಯಂತ್ರ ಮೇಲು. ಕಾರಿನಲ್ಲಿ ಕೂರಿಸುವ ಕೆಲವು ಯಂತ್ರಗಳು ಚಾಲಕನಿಗೆ ಗೊಂದಲವಾಗಬಾರದೆಂದು, ಜಾಗ ರಸ್ತೆಯ ಪಕ್ಕಕ್ಕೆ ಬಂದರೂ ಚುಕ್ಕೆಯನ್ನು ಎಳೆದು ರಸ್ತೆಯ ಮೇಲೆಯೇ ಕೂರಿಸುತ್ತವೆ. ಹೆದ್ದಾರಿಯಲ್ಲಿ ಇದು ಅನುಕೂಲ, ಕಾಡಿನಲ್ಲಿ ಇದು ನಯವಾದ ಸುಳ್ಳು.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಶ್ವೇತಕೇತುವಿಗೆ ಹೇಳುವ ದೃಷ್ಟಾಂತವೊಂದಿದೆ: ಗಂಧಾರದ ಒಬ್ಬನನ್ನು ಕಣ್ಣು ಕಟ್ಟಿ ತಂದು ನಿರ್ಜನ ಪ್ರದೇಶದಲ್ಲಿ ಬಿಡುತ್ತಾರೆ; ಅವನ ಕೂಗು ಕೇಳಿದವನು ಕಟ್ಟು ಬಿಚ್ಚಿ ಗಂಧಾರ ಈ ದಿಕ್ಕಿನಲ್ಲಿದೆ ಎಂದು ತೋರಿಸುತ್ತಾನೆ; ತಿಳಿವಳಿಕೆಯುಳ್ಳ ಅವನು ಹಳ್ಳಿಯಿಂದ ಹಳ್ಳಿಗೆ ಕೇಳಿಕೊಳ್ಳುತ್ತ ಊರು ಸೇರುತ್ತಾನೆ. ಆಚಾರ್ಯನುಳ್ಳವನು ಅರಿಯುತ್ತಾನೆಂಬುದಕ್ಕೆ ಹೇಳಿದ ಈ ಕಥೆಯಲ್ಲಿ ಆಚಾರ್ಯ ಮಾಡುವ ಕೆಲಸ ಎಷ್ಟು ಕಡಿಮೆ ಎಂಬುದು ಬೆರಗು ಹುಟ್ಟಿಸುತ್ತದೆ. ಅವನು ಜೊತೆಗೆ ಹೋಗುವುದಿಲ್ಲ, ತಿರುವು ತಿರುವಿಗೂ ಮಾತಾಡುವುದಿಲ್ಲ; ಕಣ್ಣು ಬಿಡಿಸಿ ದಿಕ್ಕು ಹೇಳುತ್ತಾನೆ, ಉಳಿದದ್ದು ನಡೆಯುವವನ ಮೇಧೆ ಮತ್ತು ದಾರಿಯುದ್ದದ ವಿಚಾರಣೆ. ಬುದ್ಧನು ಗಣಕ ಮೊಗ್ಗಲ್ಲಾನನೆಂಬ ಬ್ರಾಹ್ಮಣನಿಗೆ ಕೊಟ್ಟ ಉತ್ತರವೂ ಇದಕ್ಕೆ ಹತ್ತಿರ. ರಾಜಗೃಹದ ದಾರಿಯನ್ನು ಚೆನ್ನಾಗಿ ಬಲ್ಲವನು ಹೇಳಿಕೊಟ್ಟ ಮೇಲೂ ಒಬ್ಬ ಬೇರೆ ಕಡೆ ನಡೆದರೆ ಹೇಳಿದವನು ಏನು ಮಾಡಿಯಾನು ಎಂದು ಕೇಳಿ, ತಾನು ದಾರಿ ತೋರುವವನಷ್ಟೇ ಎಂದು ಅವನು ಮಿತಿ ಹಾಕಿಕೊಳ್ಳುತ್ತಾನೆ. ಗ್ರೀಸಿನ ಪ್ಲೇಟೊ ಮೆನೋ ಎಂಬ ಸಂವಾದದಲ್ಲಿ ಲಾರಿಸ್ಸಾ ಊರಿನ ದಾರಿಯನ್ನು ಉದಾಹರಿಸಿ ಬೇರೊಂದು ತೊಡಕನ್ನು ಎತ್ತಿದ: ದಾರಿಯನ್ನು ನಿಜವಾಗಿ ತಿಳಿದವನೂ ತಿಳಿಯದೆ ಸರಿಯಾಗಿ ಊಹಿಸಿದವನೂ ಊರನ್ನು ಸಮಾನವಾಗಿಯೇ ಮುಟ್ಟಿಸುವಾಗ ತಿಳಿವಿಗೆ ಹೆಚ್ಚಿನ ಬೆಲೆ ಏಕೆ? ಸರಿಯಾದ ಊಹೆಗೆ ಕಾರಣದ ಕಟ್ಟು ಇಲ್ಲದಿದ್ದರೆ ಅದು ನಿಲ್ಲದೆ ಓಡಿಹೋಗುತ್ತದೆ ಎಂಬುದು ಅವನ ಸಾಕ್ರಟೀಸ್ ಕೊಡುವ ಉತ್ತರ. ಮುಂದಿನ ತಿರುವನ್ನು ಮಾತ್ರ ಹೇಳುವ ಯಂತ್ರ ಪ್ರವಾಸಿಗೆ ಕೊಡುವುದು ಇಂಥ ಕಟ್ಟಿಲ್ಲದ ಊಹೆಗಳ ಸಾಲನ್ನು; ಬ್ಯಾಟರಿ ಮುಗಿದ ಕ್ಷಣದಲ್ಲಿ ಅವನಿಗೆ ತಾನು ಬಂದ ದಾರಿಯೂ ಗೊತ್ತಿರುವುದಿಲ್ಲ.

ಯಂತ್ರದಲ್ಲಿರುವುದನ್ನು ಪ್ರವಾಸಿಯ ತಿಳಿವೆಂದೇ ಏಕೆ ಎಣಿಸಬಾರದು ಎಂದು ಕೇಳಬಹುದು. ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್ ಎಂಬ ತತ್ತ್ವಜ್ಞರು 1998ರ ತಮ್ಮ ಲೇಖನದಲ್ಲಿ ಮರೆವಿನ ರೋಗವಿರುವ ಒಬ್ಬ ಕಲ್ಪಿತ ವ್ಯಕ್ತಿ ವಸ್ತುಸಂಗ್ರಹಾಲಯದ ವಿಳಾಸವನ್ನು ತನ್ನ ನೋಟ್‌ಪುಸ್ತಕದಲ್ಲಿ ನೋಡಿ ಹೋಗುವುದನ್ನು ಚಿತ್ರಿಸಿ, ಆ ಪುಸ್ತಕ ಅವನ ಮನಸ್ಸಿನದೇ ಭಾಗವೆಂದು ವಾದಿಸಿದರು. ಅದೇ ವಾದವನ್ನು ಜಿಪಿಎಸ್ಸಿಗೆ ಹಚ್ಚಬಯಸುವವರಿಗೆ ಒಂದು ವ್ಯತ್ಯಾಸ ನೆನಪಿಸಬೇಕು: ಆ ಪುಸ್ತಕದಲ್ಲಿದ್ದದ್ದೆಲ್ಲ ಅವನೇ ಒಮ್ಮೆ ತಿಳಿದು ಬರೆದದ್ದು. ನಕ್ಷೆಯ ವಿಷಯ ಹಾಗಲ್ಲ.

ಆಯ್ಕೆಯ ಮಾತಿಗೆ ಬಂದರೆ, ಗಂಧಾರದವನ ಮಾದರಿಯ ಪ್ರವಾಸಿಗೆ ಬೇಕಾದದ್ದು ಸುತ್ತಲಿನ ನೆಲವನ್ನು ಏರಿಳಿತದ ಗೆರೆಗಳ ಸಮೇತ ಒಟ್ಟಾಗಿ ತೋರಿಸುವ, ಬಂದ ದಾರಿಯನ್ನು ದಾಖಲಿಸಿ ಹಿಂದಿರುಗಿಸಬಲ್ಲ ಯಂತ್ರ. ಮಳೆಯಲ್ಲಿ ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಮಣಿಯುವುದಿಲ್ಲವಾದ್ದರಿಂದ ಗುಂಡಿಗಳುಳ್ಳದ್ದೂ, ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುವ ಎಎ ಸೆಲ್ಲುಗಳಿಂದ ನಡೆಯುವಂಥದ್ದೂ ಫೋನಿಗಿಂತ ಭರವಸೆಯದ್ದು. ಎತ್ತರ ಹೇಳಲು ವಾಯುಭಾರಮಾಪಕ ಬೇಕು, ಏಕೆಂದರೆ ಉಪಗ್ರಹಗಳೆಲ್ಲ ತಲೆಯ ಮೇಲಿನ ಕಡೆಯೇ ಇದ್ದು ಕೆಳಗೆ ಒಂದೂ ಇಲ್ಲವಾದ್ದರಿಂದ ಅವುಗಳಿಂದ ಬರುವ ಎತ್ತರದ ಲೆಕ್ಕ ಅಡ್ಡ ಲೆಕ್ಕಕ್ಕಿಂತ ಒರಟು. ಆದರೆ ಮಾಪಕ ಅಳೆಯುವುದು ಗಾಳಿಯ ಒತ್ತಡವನ್ನೇ ಆದ್ದರಿಂದ ಮೋಡ ಕವಿದು ಒತ್ತಡ ಇಳಿದ ರಾತ್ರಿ ಡೇರೆಯಲ್ಲಿ ಮಲಗಿದವನು ಬೆಳಗಾಗುವುದರಲ್ಲಿ ಹಲವು ಮೀಟರ್ ಮೇಲೇರಿದ್ದಾನೆಂದು ಅದು ವರದಿ ಮಾಡುತ್ತದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ದಿಕ್ಕಿನ ವಿಷಯ. ನಿಂತವನ ಮುಖ ಯಾವ ಕಡೆಗಿದೆ ಎಂಬುದು ಉಪಗ್ರಹಗಳಿಂದ ತಿಳಿಯುವುದಿಲ್ಲ. ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವಾಗ ಮಾತ್ರ ದಿಕ್ಕನ್ನು ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಒಳಗೆ ಬೇರೆ ಕಾಂತದಿಕ್ಸೂಚಿ ಇಲ್ಲದ ಯಂತ್ರ ಹಿಡಿದು ಮಂಜಿನ ನಡುವೆ ನಿಂತವನಿಗೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಕೆಲವೇ ಮೀಟರುಗಳ ನಿಖರತೆಯಿಂದ ಗೊತ್ತಿರುತ್ತದೆ, ಯಾವ ಕಡೆ ಮುಖ ಮಾಡಿದ್ದೇನೆಂದು ಗೊತ್ತಿರುವುದಿಲ್ಲ. ಬಾಣದ ಗುರುತು ಮನಬಂದಂತೆ ತಿರುಗುತ್ತಿರುತ್ತದೆ, ಅದು ಸರಿಯಾಗಬೇಕಾದರೆ ತಪ್ಪು ದಿಕ್ಕಿಗಾದರೂ ಹತ್ತು ಹೆಜ್ಜೆ ನಡೆಯಬೇಕು. ಇನ್ನು, ಕೇಳಿಸಿಕೊಳ್ಳುವುದರ ಜೊತೆಗೆ ಉಪಗ್ರಹಕ್ಕೆ ಸಂದೇಶವನ್ನೂ ಕಳುಹಿಸುವ ಯಂತ್ರಗಳು ಸಂಕಟದಲ್ಲಿ ಪ್ರಾಣ ಉಳಿಸಬಲ್ಲವಾದರೂ ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿಯಿಲ್ಲದೆ ಅವನ್ನು ಇಟ್ಟುಕೊಳ್ಳುವಂತಿಲ್ಲ. ತಿಳಿಯದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲಿ ಪೊಲೀಸರ ಪಾಲಾದದ್ದುಂಟು.

ತೀರ್ಥಯಾತ್ರೆಗೆ ಇಂಥ ಯಂತ್ರ ಸಲ್ಲದು, ಕಷ್ಟವೇ ಅದರ ಫಲ ಎಂಬ ಆಕ್ಷೇಪವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ದಾರಿ ತಪ್ಪುವುದರಲ್ಲಿ ಪುಣ್ಯವಿದೆಯೆಂದು ಯಾವ ಶಾಸ್ತ್ರವೂ ಹೇಳಿದಂತಿಲ್ಲ, ಹಿಂದಿನ ಯಾತ್ರಿಕರೂ ದಾರಿ ಬಲ್ಲವರನ್ನು ಜೊತೆಗಿಟ್ಟುಕೊಂಡೇ ಹೋಗುತ್ತಿದ್ದರು. ಯಂತ್ರದ ಗಣಿತ ಮತ್ತು ಯಾತ್ರೆಯ ಅರ್ಥ ನಿಜವಾಗಿ ಬೇರೆಯಾಗುವುದು ಪ್ರದಕ್ಷಿಣೆಯಲ್ಲಿ. ಕೈಲಾಸದ ಸುತ್ತ ಸುಮಾರು 52 ಕಿಲೋಮೀಟರಿನ ಪರಿಕ್ರಮ ದಾರ್ಚೆನ್‌ನಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯುವುದರಿಂದ, ಆ ಊರನ್ನೇ ಗುರಿಯೆಂದು ತುಂಬಿದ ಯಂತ್ರ ಹೊರಡುವ ಮೊದಲೇ ಗುರಿ ತಲುಪಿದ್ದಾಯಿತೆಂದು ಹೇಳುತ್ತದೆ. ಅದೇ ಯಂತ್ರ 5,600 ಮೀಟರಿಗೂ ಎತ್ತರದ ದೋಲ್ಮಾ ಕಣಿವೆಮಾರ್ಗದಲ್ಲಿ ಹಿಮ ಬಿದ್ದು ಕಾಲುದಾರಿ ಮುಚ್ಚಿಹೋದಾಗ ಉಪಯೋಗಕ್ಕೆ ಬರುತ್ತದೆ ಎಂಬುದೂ ಅಷ್ಟೇ ನಿಜ.

ವಾತ್ಸ್ಯಾಯನನ ಆಪ್ತಲಕ್ಷಣ ಯಂತ್ರಕ್ಕೆ ಹೊಂದದಿದ್ದರೂ ಅದನ್ನು ಹಿಡಿದು ನಡೆದವನಿಗೆ ಹೊಂದುತ್ತದೆ ಎಂಬ ಅಂಶ ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ನಡೆದ ದಾರಿಯ ಗೆರೆಯನ್ನು ಜಿಪಿಎಕ್ಸ್ ಎಂಬ ಕಡತವಾಗಿ ಉಳಿಸಿ ಇತರರಿಗೆ ಹಂಚುವ ಪದ್ಧತಿ ಈಗ ಚಾರಣಿಗರಲ್ಲಿ ಸಾಮಾನ್ಯವಾಗಿದ್ದು, ಹಂಚಿದ ಕ್ಷಣದಿಂದ ಕೇಳುಗನಾಗಿದ್ದವನು ವಕ್ತಾರನಾಗುತ್ತಾನೆ. ಅವನು ದಾರಿಯನ್ನು ಸಾಕ್ಷಾತ್ತಾಗಿ ಕಂಡಿದ್ದಾನೆ. ಕಂಡಂತೆ ತಿಳಿಸುವ ಇಚ್ಛೆ ಅವನಲ್ಲಿದೆಯೇ ಎಂಬುದೊಂದೇ ಉಳಿದ ಪ್ರಶ್ನೆ. ಕಾಡಿನಲ್ಲಿ ದಾರಿ ತಪ್ಪಿ ಅರ್ಧ ಗಂಟೆ ಬಿದಿರುಮೆಳೆಯೊಳಗೆ ಅಲೆದು ಮತ್ತೆ ಹಳೆಯ ಜಾಗಕ್ಕೇ ಬಂದ ಸುರುಳಿಯೂ, ನೀರು ಕುಡಿಯಲು ಇಳಿಜಾರಿನ ತುದಿಯವರೆಗೆ ಹೋದ ಕವಲೂ ಆ ಗೆರೆಯಲ್ಲಿ ಮೂಡಿರುತ್ತವೆ. ಅವನ್ನು ಅಳಿಸದೆ, ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿಯನ್ನೂ ಬರೆಯದೆ ಹಂಚಿದರೆ ಮುಂದಿನ ವಾರ ಅದನ್ನು ಇಳಿಸಿಕೊಂಡು ಬಂದವನು ಅದೇ ಮೆಳೆಯೊಳಗೆ ಅದೇ ಸುರುಳಿಯನ್ನು ಸುತ್ತುತ್ತಾನೆ, ಮತ್ತು ಎರಡು ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂತದ್ದನ್ನು ಕಂಡ ಮೂರನೆಯವನು ಅಲ್ಲೊಂದು ಕಾಲುದಾರಿ ಇದೆಯೆಂದು ನಕ್ಷೆಗೆ ಸೇರಿಸುತ್ತಾನೆ.